ಜರುಗುವ ಚೀಟಿ

“ಅಂಟಬೇಕು, ಆದರೆ ಅಂಟಿಕೊಂಡೇ ಕೂತುಬಿಡಬಾರದು. ಅಂಥ ಚೀಟಿ ಮಾಡಿಕೊಡ್ತೀರೇನು?”

ಪ್ರೆಸ್ಸಿನ ಮೆಟ್ಟಿಲ ಮೇಲೆ ನಿಂತು ಆ ಮೇಡಂ ಹೀಗೆ ಕೇಳಿದಾಗ ನಮ್ಮ ಯಜಮಾನರು ಕನ್ನಡಕವನ್ನು ಹಣೆಗೇರಿಸಿ ನನ್ನ ಕಡೆ ನೋಡಿದರು. ಅಂಟಿನ ಮಾತು ಬಂದರೆ ನನ್ನ ಕಡೆ ನೋಡುವುದು ಅವರ ರೂಢಿ. ಆಂಧ್ರದ ಗಡಿಯೂರು ಆದೋನಿಯ ಪೇಟೆಯಲ್ಲಿ ಎಲ್ಲರೂ ಅವರನ್ನು ಆಚಾರ್ರು ಎನ್ನುತ್ತಿದ್ದರು. ಬೋರ್ಡಿನ ಮೇಲೆ ‘ಅಂಡ್ ಕಂಪನಿ’ ಎಂದು ಬರೆದಿತ್ತಾದರೂ ಕಂಪನಿಯಲ್ಲಿ ಇದ್ದದ್ದು ಮೂರೇ ಜನ: ಆಚಾರ್ರು, ಅಚ್ಚಿನ ಟ್ರೆಡಲ್ ಮೆಷಿನ್ನು ತುಳಿಯುವ ಮಾಮ, ಬೈಂಡಿಂಗ್ ಮತ್ತು ಅಂಟಿನ ಕೆಲಸಕ್ಕೆ ನಾನು. ಹತ್ತಿ ಮಿಲ್ಲಿನ ಲೇಬಲ್, ಎಣ್ಣೆ ಡಬ್ಬಿಯ ಲೇಬಲ್, ಮದುವೆ ಕಾರ್ಡು ಬಿಟ್ಟರೆ ನಮಗೆ ಬೇರೆ ಲೋಕವಿರಲಿಲ್ಲ. ನನಗಾಗ ಹತ್ತೊಂಬತ್ತು. ಅಂಟಿನ ವಿದ್ಯೆಯನ್ನು ಯಾರೂ ಕಲಿಸಿರಲಿಲ್ಲ. ಕೈಗೆ ಸಿಕ್ಕ ಲೇಬಲ್ಲನ್ನೆಲ್ಲ ಕಿತ್ತು, ಹಿಂದೆ ಏನು ಬಳಿದಿದ್ದಾರೆಂದು ಮೂಸಿ ನೋಡಿ ಕಲಿತದ್ದು ಅಷ್ಟೇ.

ಮೇಡಂ ಬಳ್ಳಾರಿ ಕಡೆಯವರು, ಮೇಷ್ಟ್ರುಗಳಿಗೆ ತರಬೇತಿ ಕೊಡುವವರು. ಇನ್ನು ಇಪ್ಪತ್ತು ದಿನಕ್ಕೆ ನಮ್ಮೂರಿನ ಹಳೇ ಶಾಲೆಯ ಹಾಲಿನಲ್ಲಿ ಒಂದು ಶಿಬಿರ ಇಟ್ಟಿದ್ದರು. ಇಪ್ಪತ್ತು ಮಂದಿ ಮೇಷ್ಟ್ರುಗಳು ಆರು ದಿನ ಕೂತು, ಓದು ಬರದ ದೊಡ್ಡವರಿಗಾಗಿ ಮೊದಲ ಪುಸ್ತಕ ಕಟ್ಟಬೇಕು. ಒಂದು ತೆಲುಗಿನಲ್ಲಿ, ಒಂದು ಕನ್ನಡದಲ್ಲಿ. ನಮ್ಮ ಕಡೆ ಹಳ್ಳಿಗಳಲ್ಲಿ ಅಡುಗೆಮನೆಯ ಮಾತು ಕನ್ನಡ, ಸಂತೆಯ ಮಾತು ತೆಲುಗು. ಮೇಲಿನ ಕಚೇರಿಯವರಿಗೆ ಕೇಳಿಸುತ್ತಿದ್ದದ್ದು ಸಂತೆಯ ಮಾತು ಮಾತ್ರ. ಕನ್ನಡಕ್ಕೆ ಬೇರೆ ಪುಸ್ತಕ ಯಾಕೆ, ತೆಲುಗಿನದನ್ನೇ ಅನುವಾದ ಮಾಡಿಬಿಡಿ ಎಂದು ಅವರು ಹೇಳಿದ್ದರಂತೆ. ಮೇಡಂ ಜಗಳವಾಡಿ ಮೂರು ದಿನ ಕೇಳಿಕೊಂಡು ಬಂದಿದ್ದರು. ಶಿಬಿರದ ಮೂರನೆಯ ದಿನ ಸಂಜೆ ಐದಕ್ಕೆ ಅಧಿಕಾರಿ ಬಂದು ನೋಡುತ್ತಾರೆ. ಅಷ್ಟರಲ್ಲಿ ಕನ್ನಡ ಪಾಠಗಳ ಕ್ರಮ ಗೋಡೆಯ ಮೇಲೆ ಕಾಣಿಸಬೇಕು. ಇಲ್ಲವಾದರೆ ಅನುವಾದವೇ ಗತಿ.

ಅನುವಾದ ಮಾಡಿದರೆ ಏನು ತಪ್ಪು ಎಂದು ನಾನೇ ಕೇಳಿದೆ. ಮೇಡಂ ನನ್ನ ಪೆನ್ಸಿಲ್ ತೆಗೆದುಕೊಂಡು ಲೇಬಲ್ಲಿನ ಹಿಂದೆ ಬರೆದು ತೋರಿಸಿದರು. ತೆಲುಗಿನಲ್ಲಿ ‘ವಲ’ ಎಂದರೆ ಮೀನಿನ ಬಲೆ. ಎರಡು ಬಿಡಿ ಅಕ್ಷರ, ಮೊದಲ ಪಾಠಕ್ಕೆ ಹೇಳಿ ಮಾಡಿಸಿದ ಪದ. ಅದನ್ನು ಕನ್ನಡಕ್ಕೆ ತಂದರೆ ‘ಬಲೆ’. ಅಕ್ಷರವೂ ಬೇರೆ, ಮೇಲೊಂದು ಎತ್ವವೂ ಬಂತು. ಅರ್ಥ ಉಳಿಯಿತು, ಪಾಠ ಕೆಟ್ಟಿತು. ಮೊದಲ ಪಾಠದಲ್ಲಿ ಮೂರೇ ಅಕ್ಷರ ಇರಬೇಕು, ಎರಡನೆಯದರಲ್ಲಿ ಆ ಮೂರರ ಜೊತೆ ಇನ್ನು ಮೂರು. ಕಲಿಸದ ಅಕ್ಷರವಿರುವ ಪದ ನುಸುಳಲೇಬಾರದು. ‘ಜ್ವಾಳ’ ಎಂಬ ಒಂದು ಪದವನ್ನು ಮುಂದೆ ತಂದರೆ ಅದರ ಅಕ್ಷರ, ಒತ್ತು ಎಲ್ಲ ಅದಕ್ಕೂ ಮುಂಚೆ ಬರಬೇಕು. ಹತ್ತು ಪದ ಹಿಂದಕ್ಕೆ, ಹತ್ತು ಪದ ಮುಂದಕ್ಕೆ ಜರುಗಬೇಕು. ಹಿಂದಿನ ಶಿಬಿರದಲ್ಲಿ ಗುಂಡುಸೂಜಿ ಚುಚ್ಚಿದ್ದರಂತೆ. ನಾಲ್ಕು ಸಲ ಕಿತ್ತರೆ ಚೀಟಿ ಹರಿಯುತ್ತಿತ್ತು.

“ಚೀಟಿ ಕೀಳೋದು ಕಷ್ಟ ಆದ್ರೆ ಜನ ಮನಸ್ಸನ್ನೂ ಬದಲಾಯಿಸೋದಿಲ್ಲ” ಎಂದರು ಮೇಡಂ. “ಮೊದಲು ಹಚ್ಚಿದ್ದೇ ಸರಿ ಅಂತ ವಾದಕ್ಕೆ ನಿಲ್ತಾರೆ.”

ಆಚಾರ್ರು ನನ್ನನ್ನು ಕೇಳಿದರು, “ಏನಮ್ಮಾ, ಈ ಕೆಲಸ ಜರಗತದೇನು?”

ಜರಗುವುದು ಎಂದರೆ ನಮ್ಮ ಕಡೆ ನಡೆಯುವುದೂ ಹೌದು, ಸರಿಯುವುದೂ ಹೌದು. ತೆಲುಗಿನಲ್ಲೂ ಹಾಗೇ. ಜರಗತೈತ್ರಿ ಎಂದುಬಿಟ್ಟೆ. ಅವತ್ತಿನಿಂದ ಪ್ರೆಸ್ಸಿನಲ್ಲಿ ಅದರ ಹೆಸರು ‘ಜರಗೋ ಚೀಟಿ’ ಎಂದಾಯಿತು.

ಮೊದಲು ಮೈದಾ ಅಂಟನ್ನು ತೆಳ್ಳಗೆ ಕಾಸಿ ನೋಡಿದೆ. ಒಣಗಿದರೆ ಬಿಡುವುದಿಲ್ಲ, ಒಣಗದಿದ್ದರೆ ಹಿಡಿಯುವುದಿಲ್ಲ. ಆಮೇಲೆ ಜಾಲಿ ಗೋಂದಿಗೆ ಔಷಧಿ ಅಂಗಡಿಯಿಂದ ಗ್ಲಿಸರಿನ್ ತಂದು ಬೆರೆಸಿದೆ. ಅಂಟು ಹಸಿಯಾಗಿಯೇ ಉಳಿಯಿತು ನಿಜ, ಆದರೆ ಚೀಟಿ ಕಿತ್ತ ಜಾಗದಲ್ಲಿ ಎಣ್ಣೆಯಂಥ ಕಲೆ. ಗ್ಲಿಸರಿನ್ ಬದಲು ಬೆಲ್ಲದ ಪಾಕ ಹಾಕಿ ಐವತ್ತು ಚೀಟಿ ಮಾಡಿ ಒಣಗಲಿಟ್ಟು ಹೋದೆ. ಬೆಳಿಗ್ಗೆ ಬಂದರೆ ಚೀಟಿಗಳು ತಾವೇ ಜರುಗುತ್ತಿದ್ದವು, ಇರುವೆಗಳ ಬೆನ್ನ ಮೇಲೆ. ಟ್ರೆಡಲ್ ಮಾಮ ಮೆಷಿನ್ನು ನಿಲ್ಲಿಸಿ ಬಂದು ನೋಡಿ, ಮೇಡಮ್ಮಿಗೆ ಹೇಳಿ ಕಳಿಸು, ಕೆಲಸ ಮುಗೀತು, ಜರಗಸಾಕ ಆಳುಗಳೂ ಬಂದಾರ ಎಂದ.

ದಾರಿ ತೋರಿಸಿದ್ದು ಸೈಕಲ್ ಪಂಕ್ಚರು. ಅಂಗಡಿಯವನು ಟ್ಯೂಬಿಗೆ ಬಳಿದ ಸೊಲ್ಯೂಷನ್ ಒಣಗಿ ನನ್ನ ಬೆರಳಿಗೆ ತಗುಲಿತ್ತು. ಪೂರ್ತಿ ಒಣಗಿದೆ, ಆದರೂ ಒತ್ತಿದರೆ ಹಿಡಿಯುತ್ತದೆ, ಎಳೆದರೆ ಬಿಡುತ್ತದೆ. ಒಂದು ಟ್ಯೂಬ್ ಸೊಲ್ಯೂಷನ್ನನ್ನು ಒಂದು ಚಹಾ ಗ್ಲಾಸು ಪೆಟ್ರೋಲಿನಲ್ಲಿ ಕರಗಿಸಿದೆ. ಒಳಗೆ ದೇವರ ದೀಪ ಉರಿಯುತ್ತಿದ್ದುದರಿಂದ ಆಚಾರ್ರು ನನ್ನನ್ನೂ ಗ್ಲಾಸನ್ನೂ ಹಿತ್ತಲಿಗೆ ಅಟ್ಟಿದರು. ಚೀಟಿಯ ಮೇಲಂಚಿಗೆ ಒಂದು ಬೆರಳಗಲ, ಬಟ್ಟೆಯ ಉಂಡೆಯಿಂದ ಒಂದೇ ಸಲ ಒರೆಸಬೇಕು. ಎರಡು ಸಲ ಒರೆಸಿದರೆ ಗೋಡೆಯ ಬಣ್ಣವೂ ಕಿತ್ತು ಬರುತ್ತದೆ. ಮೊದಲ ನೂರು ಚೀಟಿಗಳನ್ನು ಅಂಟಿಗೆ ಅಂಟು ತಾಗುವಂತೆ ಪೇರಿಸಿಟ್ಟೆ. ರಬ್ಬರಿಗೆ ರಬ್ಬರು ಸೇರಿದರೆ ಬಿಡುವ ಮಾತೇ ಇಲ್ಲವೆಂದು ಆಗ ಗೊತ್ತಾಯಿತು. ನೂರು ಚೀಟಿ ಹೋಗಿ ಒಂದು ಇಟ್ಟಿಗೆಯಾಗಿತ್ತು. ಎರಡನೆಯ ಸಲ ಎಲ್ಲವನ್ನೂ ಒಂದೇ ಮುಖಕ್ಕೆ ಜೋಡಿಸಿದೆ. ಇನ್ನೂರ ನಲವತ್ತು ಚೀಟಿ ಸಿದ್ಧವಾದವು.

ಶಿಬಿರಕ್ಕೆ ಮೂರು ದಿನ ಮುಂಚೆ ಹಾಲಿಗೆ ಹೋಗಿ ಪರೀಕ್ಷೆ ಮಾಡಿದೆ. ಗೋಡೆಗೆ ತಲೆಯೆತ್ತರದವರೆಗೆ ಹಳೆಯ ಆಯಿಲ್ ಪೇಂಟ್ ಇತ್ತು. ಚೀಟಿ ಅದರ ಮೇಲೆ ಕುಣಿಯಿತು! ಇಪ್ಪತ್ತು ಸಲ ಕಿತ್ತು ಇಪ್ಪತ್ತು ಸಲ ಹಚ್ಚಿದರೂ ಬೀಳಲಿಲ್ಲ. ಅಲ್ಲಲ್ಲಿ ಹಳೆಯ ಪೋಸ್ಟರಿನ ಚೂರುಗಳು ಅಂಟಿಕೊಂಡಿದ್ದವು, ಅಷ್ಟೇ ಅಡ್ಡಿ. ಅದನ್ನೆಲ್ಲ ಉಜ್ಜಿಸಿ ನುಣುಪು ಮಾಡಿಸಿದರೆ ಸಾಕಿತ್ತು. ವಾಚ್‌ಮನ್ ಊಟಕ್ಕೆ ಹೋಗಿದ್ದ. ಅವನು ಓದಿದ್ದು ತೆಲುಗು ಸ್ಕೂಲಿನಲ್ಲಿ ಎಂದು ಗೊತ್ತಿದ್ದರಿಂದ ತೆಲುಗಿನಲ್ಲೇ ಒಂದು ಸಾಲು ಗೀಚಿ, ಅವನ ಬೀಗದ ಗೂಟಕ್ಕೆ ಸಿಕ್ಕಿಸಿ ಬಂದೆ. ‘ಗೋಡ ನುನ್ನಗಾ ಚೇಯಿಂಚಂಡಿ.’ ಗೋಡೆ ನುಣ್ಣಗೆ ಮಾಡಿಸಿ.

ಶಿಬಿರದ ಮೊದಲ ಬೆಳಿಗ್ಗೆ ಪೆಟ್ಟಿಗೆ ಹೊತ್ತುಕೊಂಡು ಬಾಗಿಲಲ್ಲಿ ನಿಂತವಳಿಗೆ ಕಣ್ಣು ಕುಕ್ಕಿತು. ನೆಲದಿಂದ ತೊಲೆಯವರೆಗೆ ಹಾಲೆಲ್ಲ ಹಾಲಿನಂತೆ ಬೆಳ್ಳಗಿತ್ತು. ಆಯಿಲ್ ಪೇಂಟಿನ ಮೇಲೂ ಸುಣ್ಣ. ವಾಚ್‌ಮನ್ ಹೊಸ ಅಂಗಿ ಹಾಕಿಕೊಂಡು ನಿಂತಿದ್ದ.

ಒಂದು ಚೀಟಿ ತೆಗೆದು ಹಚ್ಚಿದೆ. ಒಂದು ಗಳಿಗೆ ನಿಂತಿತು, ಬಿತ್ತು. ಹಿಂದೆ ತಿರುಗಿಸಿ ನೋಡಿದರೆ ಅಂಟಿನ ಮೇಲೆಲ್ಲ ಸುಣ್ಣದ ಹಿಟ್ಟು, ಪುಟಾಣಿ ಪುಡಿಯಲ್ಲಿ ಹೊರಳಿಸಿದ ಹಾಗೆ. ಇನ್ನೊಂದು, ಮತ್ತೊಂದು. ಎಲ್ಲವೂ ಅಷ್ಟೇ. ಒಂದು ಸಲ ಸುಣ್ಣ ತಾಗಿದ ಅಂಟು ಆಮೇಲೆ ಯಾವುದಕ್ಕೂ ಹತ್ತಲಿಲ್ಲ. ಮೇಷ್ಟ್ರುಗಳು ಬರತೊಡಗಿದ್ದರು.

ಸುಣ್ಣ ಯಾರು ಹೊಡೆಸಿದ್ದು ಎಂದು ಕೇಳಿದ ಮೇಡಂ, ಉತ್ತರಕ್ಕೆ ಕಾಯದೆ ಮೇಷ್ಟ್ರುಗಳನ್ನು ಕೂರಿಸಲು ಹೋದರು. ವಾಚ್‌ಮನ್ ಜೇಬಿನಿಂದ ನನ್ನ ಚೀಟಿ ತೆಗೆದು ನನ್ನ ಕೈಗೇ ಕೊಟ್ಟ.

“ನೀನ ಬರ್ದಿಟ್ಟು ಹೋಗಿದ್ದೆಲ್ಲ ತಂಗಿ. ‘ಸುನ್ನಂ’ ಅಂತ ಬರಿಯಾಕ ಹೋಗಿ ಕೊನೀಗೆ ಸೊನ್ನಿ ಬಿಟ್ಟೈತಿ ಹುಡುಗಿ, ಅವಸರ ಅಂದ್ಕಂಡೆ.”

ತೆಲುಗಿನಲ್ಲಾಗಲಿ ಕನ್ನಡದಲ್ಲಾಗಲಿ ‘ನ’ಕ್ಕೂ ‘ಸ’ಕ್ಕೂ ಒಂದು ಗೀಟಿನ ವ್ಯತ್ಯಾಸ. ನನ್ನ ಗೀಟು ಮೇಲೆದ್ದು ಬಾಯಿ ಬಿಟ್ಟಿತ್ತು. ನಾನು ಬರೆದದ್ದು ನುನ್ನ, ಅವನು ಓದಿದ್ದು ಸುನ್ನ, ಅಂದರೆ ಸುಣ್ಣ. ಅಕ್ಷರವನ್ನೇ ಉಣ್ಣುವ ಪ್ರೆಸ್ಸಿನವಳು ನಾನು. ಚೀಟಿಯನ್ನು ಮಡಿಸಿ ಮುಷ್ಟಿಯಲ್ಲಿ ಹಿಡಿದೆ. ಅಷ್ಟರಲ್ಲಿ ಅಧಿಕಾರಿ ಉದ್ಘಾಟನೆಗೆ ಬಂದಿಳಿದರು. ಗೋಡೆಗೆ ಒರಗಿದ ಅವರ ಕೋಟು ಬೆಳ್ಳಗಾಯಿತು. ಯಾರು ಹೇಳಿದ್ದರು ಇದನ್ನೆಲ್ಲ ಮಾಡೋಕೆ ಎಂದು ವಾಚ್‌ಮನ್ನಿಗೆ ಎಲ್ಲರೆದುರು ತೆಲುಗಿನಲ್ಲಿ ಬೈದರು. ಅವನು ನನ್ನ ಕಡೆ ಒಂದು ಸಲ ನೋಡಿ ತಲೆ ತಗ್ಗಿಸಿದ. ನಾನು ಬಾಯಿ ಬಿಡಲಿಲ್ಲ. ಹೇಳಿದರೆ ಆಚಾರ್ರ ಮಾನ ಹೋಗುತ್ತದೆ ಎಂದು ನನಗೆ ನಾನೇ ಹೇಳಿಕೊಂಡೆ.

ತೆಲುಗು ಗುಂಪಿಗೆ ಹೆಚ್ಚು ತೊಂದರೆಯಾಗಲಿಲ್ಲ. ಅವರ ಬಳಿ ಹಳೆಯ ಪುಸ್ತಕವೊಂದಿತ್ತು, ಅದರ ಕ್ರಮವನ್ನೇ ತಿದ್ದುತ್ತ ಕೂತರು. ಕನ್ನಡದವರು ಎಲ್ಲವನ್ನೂ ಮೊದಲಿನಿಂದ ಕಟ್ಟಬೇಕು. ಅವರು ಹಳ್ಳಿಗಳಿಂದ ಬರೆದು ತಂದ ಪದಗಳು ಇನ್ನೂರಕ್ಕೂ ಹೆಚ್ಚಿದ್ದವು. ಅವನ್ನು ಬರೀ ಕಾಗದದ ಚೀಟಿಗಳ ಮೇಲೆ ಬರೆದು ನೆಲದ ಮೇಲೆ ಹರಡಿದೆವು. ಅದು ಅರ್ಧ ದಿನ ನಡೆಯಿತು. ಆದರೆ ಅಕ್ಷರ ಬರೆದ ಕಾಗದಕ್ಕೆ ಕಾಲು ತಾಗಿದರೆ ನಮ್ಮವರು ಸುಮ್ಮನೆ ಮುಂದೆ ಹೋಗುತ್ತಾರೆಯೇ? ಬಗ್ಗಬೇಕು, ಚೀಟಿ ಮುಟ್ಟಿ ಕಣ್ಣಿಗೊತ್ತಿಕೊಳ್ಳಬೇಕು. ಹತ್ತು ಜನ, ಇನ್ನೂರು ಚೀಟಿ. ಮದ್ದಿಕೇರಿಯ ಮೇಷ್ಟ್ರೊಬ್ಬರು ಐದನೆಯ ಪಾಠದಿಂದ ಎರಡನೆಯ ಪಾಠಕ್ಕೆ ಹೋಗುವಷ್ಟರಲ್ಲಿ ಏಳು ಸಲ ಸರಸ್ವತಿಗೆ ಕ್ಷಮೆ ಕೇಳಿದರು. ಸಂಜೆ ಬಾಗಿಲು ತೆರೆದಾಗ ಒಂದು ಗಾಳಿ ಬೀಸಿತು, ಅಷ್ಟೇ. ಅರ್ಧ ದಿನದ ಕ್ರಮ ಮೂಲೆಗೆ ಹೋಗಿ ಬಿತ್ತು.

ಎರಡನೆಯ ದಿನ ಬೆಳಿಗ್ಗೆ ಸುಣ್ಣ ಕೆರೆಯುವುದೆಂದು ನಿಶ್ಚಯಿಸಿದೆ. ಒದ್ದೆ ಬಟ್ಟೆಯಿಂದ ಒರೆಸಿದರೆ ಗೋಡೆ ಮಜ್ಜಿಗೆಯಾಯಿತು. ಪೊರಕೆಯಿಂದ ಉಜ್ಜಿದರೆ ಹಾಲೆಲ್ಲ ಹೊಗೆ. ಕೊನೆಗೆ ಬಡಿಗರು ಮರ ಉಜ್ಜುವ ಉಪ್ಪುಕಾಗದ ತಂದು ತುಂಡು ತುಂಡು ಮಾಡಿ ಹಂಚಿದೆ. ನಾನು, ಆಚಾರ್ರು, ವಾಚ್‌ಮನ್ನಿನ ಹೆಂಡತಿ ಮೂವರೂ ನಿಂತೆವು. ಹಾಲಿನ ಕಸ ಗುಡಿಸುವ ಆ ಅಕ್ಕನೇ ಗೋಡೆಗೆ ಸುಣ್ಣ ಹೊಡೆದವಳು. ಗಂಡ ಏಣಿ ಹಿಡಿದಿದ್ದ, ಬಳಿದದ್ದೆಲ್ಲ ಆಕೆಯೇ. ಅಂಗೈ ಸುಣ್ಣಕ್ಕೆ ಸೀಳಿ ಕೆಂಪಗಾಗಿತ್ತು.

“ಮೊನ್ನಿ ಹಚ್ಚು ಅಂದ್ರಿ, ಇವತ್ತು ಕೆರಿ ಅಂತೀರಿ” ಎಂದಳು ಆಕೆ, ಕೈ ನಿಲ್ಲಿಸದೆ. “ಗೋಡೀಗೂ ಬ್ಯಾಸರ ಬಂದಿರಬೇಕು.”

ಬೈಗುಳವಿದ್ದರೆ ತಡೆಯಬಹುದಿತ್ತು. ಆಕೆಯ ಮಾತಿನಲ್ಲಿ ಬೈಗುಳವಿರಲಿಲ್ಲ. ಮಧ್ಯಾಹ್ನದವರೆಗೆ ಕೆರೆದದ್ದು ಎರಡು ಮೊರದಗಲ. ಬೇಕಾದದ್ದು ಇಡೀ ಗೋಡೆ. ಉಳಿದದ್ದು ಒಂದೂವರೆ ದಿನ. ಮೇಡಂ ಕಿಟಕಿಯ ಬಳಿ ತೆಲುಗು ಪುಸ್ತಕದ ಪ್ರತಿಯೊಂದನ್ನು ಹಿಡಿದು ಸುಮ್ಮನೆ ಹಾಳೆ ತಿರುವುತ್ತಿದ್ದರು. ಅದನ್ನು ನೋಡಿ ನಾನು ಇನ್ನೂ ಜೋರಾಗಿ ಕೆರೆಯತೊಡಗಿದೆ.

ಕನ್ನಡ ಗುಂಪಿನಲ್ಲಿ ಕೋಸಗಿ ಕಡೆಯ ಒಬ್ಬ ಮೇಷ್ಟ್ರಿದ್ದರು. ಕುರಿ ಕಾಯುವ ಮನೆತನ. ಸಂಕ್ರಾಂತಿ ಕಳೆದ ಚಳಿಗೆ ಹೆಗಲ ಮೇಲೆ ಕರಿ ಕಂಬಳಿ. ಊಟ ಮುಗಿಸಿ ಅವರು ನಾನು ಕೆರೆಯುತ್ತಿದ್ದ ಗೋಡೆಯ ಬುಡದಲ್ಲಿ ಕಂಬಳಿ ಮಡಿಸಿ ಹಾಕಿ ಕೂತಿದ್ದವರು, ಎದ್ದು ಅದನ್ನು ಹೊದ್ದು ಆ ತುದಿಗೆ ನಡೆದರು. ತೆಲುಗು ಗುಂಪಿನಲ್ಲಿ ನಗೆ ಎದ್ದಿತು. ಬೆನ್ನಿಗೆ ಸ್ಟಾಂಪು ಹಚ್ಚಿಕೊಂಡು ಪೋಸ್ಟಿಗೆ ಬೀಳಲು ಹೊರಟಿರೇನು ಎಂದು ಯಾರೋ ಕೇಳಿದರು. ನನ್ನ ಕೈಯಿಂದ ಜಾರಿದ ಉಪ್ಪುಕಾಗದದ ತುಂಡು ಅವರ ಕಂಬಳಿಗೆ ಕಚ್ಚಿಕೊಂಡಿತ್ತು. ಮೇಷ್ಟ್ರು ಕಂಬಳಿ ಜಾಡಿಸಿದರು. ತುಂಡು ಬೀಳಲಿಲ್ಲ. ಇನ್ನೊಮ್ಮೆ ಜಾಡಿಸಿದರು.

“ಉತ್ತರಾಣಿ ಕಾಳು ಹತ್ತಿದಂಗ ಹತ್ತೈತಿ ನೋಡ್ರಿ” ಎಂದು ಎರಡು ಬೆರಳಲ್ಲಿ ಹಿಡಿದೆತ್ತಿದರು. ಹಿಡಿದೆತ್ತಿದ ಕೂಡಲೇ ಸಲೀಸಾಗಿ ಬಂತು.

ನಾನು ಓಡಿ ಹೋಗಿ ಆ ತುಂಡನ್ನು ಅವರ ಕೈಯಿಂದ ಕಿತ್ತುಕೊಂಡು ಮತ್ತೆ ಬೆನ್ನಿಗೆ ಒತ್ತಿದೆ. ನಿಂತಿತು. ತೆಗೆದು ಹೆಗಲಿಗೆ ಒತ್ತಿದೆ. ನಿಂತಿತು. ಮೇಷ್ಟ್ರು ಗಂಧ ಹಚ್ಚಿಸಿಕೊಳ್ಳುವ ಬಸವಣ್ಣನಂತೆ ಅಲುಗಾಡದೆ ನಿಂತಿದ್ದರು. ಅಂಟಿಲ್ಲ, ಹಸಿಯಿಲ್ಲ, ಸುಣ್ಣದ ಹಂಗಿಲ್ಲ. ಉಣ್ಣೆಯ ಜುಂಗಿಗೆ ಉಪ್ಪುಕಾಗದದ ಹರಳು ಸಿಕ್ಕಿಕೊಳ್ಳುತ್ತದೆ, ಎತ್ತಿದರೆ ಬಿಡುತ್ತದೆ.

ಆದರೂ ಒಂದು ಗಳಿಗೆ ನನ್ನ ಮನಸ್ಸು ಒಪ್ಪಲಿಲ್ಲ. ಪೆಟ್ಟಿಗೆಯಲ್ಲಿ ಇನ್ನೂ ಇನ್ನೂರಕ್ಕೂ ಹೆಚ್ಚು ರಬ್ಬರ್ ಚೀಟಿಗಳಿದ್ದವು, ಎರಡು ವಾರಕ್ಕೂ ಮೀರಿದ ಕೆಲಸ. ಆಚಾರ್ರು ಕೂಡ ಕೆರೆಯುವುದನ್ನು ಬಿಡಬೇಡ, ನಾಳೆ ಮಧ್ಯಾಹ್ನಕ್ಕೆ ಅರ್ಧ ಗೋಡೆಯಾದರೂ ಆದೀತು ಎನ್ನುತ್ತಿದ್ದರು. ಪೆಟ್ಟಿಗೆ ತೆರೆದು ಒಂದು ಚೀಟಿಯನ್ನು ಕೆರೆದ ಜಾಗಕ್ಕೆ ಹಚ್ಚಿದೆ. ಎಷ್ಟು ಚೆನ್ನಾಗಿ ನಿಂತಿತೆಂದರೆ ಕಣ್ಣಲ್ಲಿ ನೀರು ಬಂತು. ಅಂಟಬೇಕು, ಅಂಟಿಕೊಂಡೇ ಕೂತುಬಿಡಬಾರದು ಎಂದು ಮೇಡಂ ಹೇಳಿದ್ದು ಚೀಟಿಗೆ. ಅಂಟಿಕೊಂಡು ಕೂತಿದ್ದವಳು ನಾನು. ಪೆಟ್ಟಿಗೆ ಮುಚ್ಚಿದೆ.

ಮುಚ್ಚಿದ ಮೇಲೆ ಇನ್ನೊಂದು ಮಾತೂ ತಡೆಯಲಾಗಲಿಲ್ಲ. ಮಡಿಸಿಟ್ಟುಕೊಂಡಿದ್ದ ತೆಲುಗು ಚೀಟಿಯನ್ನು ಸೆರಗಿನ ಗಂಟಿನಿಂದ ಬಿಚ್ಚಿ ಮೇಡಮ್ಮಿನ ಮುಂದೆ ಹಿಡಿದೆ. ಸುಣ್ಣ ಹೊಡೆಸಿದ್ದು ವಾಚ್‌ಮನ್ ಅಲ್ಲ, ನನ್ನ ‘ನ’ ಎಂದೆ. ಆಚಾರ್ರು ಚೀಟಿ ತೆಗೆದುಕೊಂಡು ದೂರ ಹಿಡಿದು, ಹತ್ತಿರ ಹಿಡಿದು ನೋಡಿದರು. ಮೂವತ್ತು ವರ್ಷ ಪ್ರೂಫ್ ತಿದ್ದಿದ ಕಣ್ಣು ಅವರದು. ‘ಸ’ನೇ ಎಂದು ಚೀಟಿಯನ್ನು ನನಗೆ ಹಿಂದಿರುಗಿಸಿದರು. ವಾಚ್‌ಮನ್ ಬಾಗಿಲಲ್ಲಿ ನಿಂತು ಕೇಳಿಸಿಕೊಂಡ. ಅವನ ಹೆಂಡತಿ ಕೈಯಲ್ಲಿದ್ದ ಉಪ್ಪುಕಾಗದವನ್ನು ನನಗೆ ಕೊಟ್ಟು, ಸೆರಗಿನಿಂದ ಮುಖ ಒರೆಸಿಕೊಂಡಳು.

ಇನ್ನು ಗೋಡೆಯ ಬದಲು ಕಂಬಳಿ ಬೇಕು. ನಾಲ್ಕಾದರೂ ಬೇಕು. ಕೋಸಗಿ ಮೇಷ್ಟ್ರ ಸಂಬಂಧಿಕರು ಊರಾಚೆ ಒಂದು ಹೊಲದಲ್ಲಿ ಗೊಬ್ಬರಕ್ಕೆಂದು ಕುರಿ ನಿಲ್ಲಿಸಿದ್ದರು. ಮೇಷ್ಟ್ರು ಅಂದೇ ಸಂಜೆ ಹೋಗಿ ಮಾತಾಡಿ ಬಂದರು. ಕಂಬಳಿ ಕೊಡುತ್ತಾರೆ, ಬೆಳಿಗ್ಗೆ ಹಿಂಡು ಎದ್ದ ಮೇಲೆ. ಆದರೆ ಎರಡು ಕರಾರು.

“ಕಂಬಳಿಗೆ ಮೊಳಿ ಹೊಡೀಬ್ಯಾಡ್ರಿ. ನಮ್ಮ ದೇವ್ರು ಕುಂದ್ರೋದು ಅದರ ಮ್ಯಾಲೆ” ಎಂದರು ಮೇಷ್ಟ್ರು. “ಹೊತ್ತು ಮುಳುಗೋದ್ರೊಳಗ ವಾಪಸ್ ಬರಬೇಕು. ಬಯಲಾಗ ಮಲಗೋರು, ಚಳಿಗೆ ಹೊದ್ಕಂಬಾಕ ಅವರಿಗೆ ಬ್ಯಾರೆ ಏನೂ ಇಲ್ಲ.”

ರಬ್ಬರ್ ಚೀಟಿಯ ಕಾಗದ ತೆಳು, ಉಪ್ಪುಕಾಗದ ಹಚ್ಚಿದರೆ ಬಾಗುತ್ತಿತ್ತು. ಪ್ರೆಸ್ಸಿನ ಅಟ್ಟದಲ್ಲಿ ಮುಹೂರ್ತ ತಪ್ಪಾಗಿ ಅಚ್ಚಾಗಿ ಉಳಿದಿದ್ದ ಮದುವೆ ಕಾರ್ಡುಗಳ ಕಟ್ಟೊಂದಿತ್ತು. ಅದನ್ನೇ ಅಂಗೈ ಅಗಲಕ್ಕೆ ಕತ್ತರಿಸಿದೆವು. ಅಚ್ಚಾದ ಕಡೆ ಮೈದಾ ಅಂಟು ಬಳಿದು ಉಗುರಗಲದ ಉಪ್ಪುಕಾಗದ ಎರಡೆರಡು, ಖಾಲಿ ಕಡೆ ಪದ. ಪೇಟೆಯ ಎರಡು ಅಂಗಡಿಗಳ ಉಪ್ಪುಕಾಗದವೆಲ್ಲ ನಮ್ಮ ಮೇಜಿಗೆ ಬಂತು. ಒರಟಿನದು ಮುಗಿದು, ಕೊನೆಯ ಅರವತ್ತು ಕಾರ್ಡಿಗೆ ನಯದ್ದೇ ಸಿಕ್ಕಿತು. ಒಣಗಲೆಂದು ಬೈಂಡಿಂಗ್ ಪ್ರೆಸ್ಸಿನಡಿ ಒತ್ತಿಟ್ಟು ಬಾಗಿಲು ಹಾಕಿದೆವು.

ಮೂರನೆಯ ದಿನ ಹತ್ತು ಗಂಟೆಗೆ ಕಂಬಳಿಗಳು ಬಂದವು, ಕುರಿಯ ಬೆಚ್ಚಗಿನ ವಾಸನೆಯ ಸಮೇತ. ಮೊಳೆಯಿಲ್ಲದೆ ಬಿದಿರ ಗಳುವಿಗೆ ಹಾಸಿ ಹಗ್ಗದಿಂದ ತೊಲೆಗೆ ಕಟ್ಟಿ ಇಳಿಬಿಟ್ಟೆವು. ಕರಿ ಗೋಡೆ ಎದ್ದಂತಾಯಿತು. ಕಾರ್ಡು ಒತ್ತಿದೆ. ನಿಂತಿತು. ಹತ್ತು, ಇಪ್ಪತ್ತು, ನಲವತ್ತು. ನಯದ ಉಪ್ಪುಕಾಗದದವು ಮೊದಲು ಜಾರತೊಡಗಿದವು. ಒಂದು ಜಾರಿದ್ದು ಕೆಳಗಿನದನ್ನು ಬಡಿದು, ಅದು ಮತ್ತೊಂದನ್ನು ಬಡಿದು, ಒಂದು ಇಡೀ ಪಾಠ ನೆಲಕ್ಕೆ ಬಿತ್ತು. ಮದುವೆ ಕಾರ್ಡು ದಪ್ಪ, ಭಾರ ಹೆಚ್ಚು. ಹನ್ನೊಂದೂವರೆಯಾಗಿತ್ತು.

ಕಾರ್ಡನ್ನು ಕೈಯಲ್ಲಿ ಹಿಡಿದುಕೊಂಡೇ ಯೋಚಿಸಿದೆ. ಮೇಷ್ಟ್ರ ಬೆನ್ನ ಮೇಲೆ ಯಾಕೆ ನಿಂತಿತ್ತು? ಮೇಷ್ಟ್ರು ನಡೆಯುವಾಗ ಸ್ವಲ್ಪ ಮುಂದಕ್ಕೆ ಬಾಗುತ್ತಾರೆ. ಬೆನ್ನು ನೆಟ್ಟಗಿರಲಿಲ್ಲ, ಇಳಿಜಾರಾಗಿತ್ತು. ಅಷ್ಟೇ.

ಹಗ್ಗ ಬಿಚ್ಚಿ ಎಂದೆ. ಗೋಡೆಗೆ ಏಣಿ ಒರಗಿಸುವ ಹಾಗೆ ಬಿದಿರ ಗಳುಗಳನ್ನು ಓರೆಯಾಗಿ ಒರಗಿಸಿ, ಅದರ ಮೇಲೆ ಕಂಬಳಿ ಹಾಸಿದೆವು. ಬುಡವನ್ನು ಗೋಡೆಯಿಂದ ಎರಡು ಮೊಳ ಮುಂದಕ್ಕೆ ಎಳೆದೆವು. ಈಗ ನಯದ್ದೂ ಹಿಡಿಯಿತು. ಬಾಗಿಲು ತೆರೆದು ಗಾಳಿ ಬಿಟ್ಟು ನೋಡಿದೆ. ಒಂದೂ ಅಲುಗಲಿಲ್ಲ.

ಆಮೇಲೆ ಆದದ್ದೆಲ್ಲ ಆ ಹತ್ತು ಜನರ ಕೆಲಸ. ನಾನು ಕೆಳಗೆ ಬಿದ್ದ ಕಾರ್ಡು ಎತ್ತಿಕೊಡುತ್ತ ಪಕ್ಕದಲ್ಲಿದ್ದೆ. ‘ಐತಿ’ ಬೇಕು ಎಂದು ಕೋಸಗಿ ಮೇಷ್ಟ್ರು, ಪುಸ್ತಕದಲ್ಲಿ ‘ಇದೆ’ ಇರಬೇಕು ಎಂದು ಮದ್ದಿಕೇರಿಯವರು ಹಿಂದಿನ ದಿನವೆಲ್ಲ ಮುಖ ತಿರುಗಿಸಿಕೊಂಡಿದ್ದರು. ಈಗ ಮದ್ದಿಕೇರಿಯವರೇ ಎದ್ದು ‘ಇದೆ’ಯನ್ನು ಎತ್ತಿ, ‘ಐತಿ’ಯನ್ನು ಆ ಜಾಗದಲ್ಲಿಟ್ಟು, ಎರಡು ಹೆಜ್ಜೆ ಹಿಂದೆ ಸರಿದು ನೋಡಿದರು. ಕುತ್ತಿಗೆ ಓರೆ ಮಾಡಿದರು. ‘ಐತಿ’ ಮಾತಿನ ಪಾಠಕ್ಕೆ ಇರಲಿ, ‘ಇದೆ’ ಕೊನೆಯ ಪಾಠಕ್ಕೆ ಬರಲಿ ಎಂದು ತಾವೇ ಜರುಗಿಸಿದರು. ‘ಜ್ವಾಳ’ ಏಳು ಸಲ ಜಾಗ ಬದಲಿಸಿತು. ಮೂರು ಗಂಟೆಗೆ ಕಂಬಳಿಗಳ ಮೇಲೆ ಒಂದು ಸಾಲು ಕಾಣತೊಡಗಿತು. ನಾಲ್ಕಕ್ಕೆ ಮೊದಲ ಹನ್ನೆರಡು ಪಾಠ. ಮೇಡಂ ಆ ಕ್ರಮವನ್ನು ತಮ್ಮ ನೋಟ್‌ಪುಸ್ತಕದಲ್ಲಿ ಬರೆದುಕೊಳ್ಳುತ್ತ ಹೋದರು. ಕಂಬಳಿ ಇರುವಷ್ಟು ಹೊತ್ತೇ ಗೋಡೆ ಇರುವುದು.

ಐದಕ್ಕೆ ಅಧಿಕಾರಿ ಬಂದರು. ಬಾಗಿಲ ಹೊರಗೆ ಇಬ್ಬರು ಕುರುಬರೂ ಬಂದು ಕೂತಿದ್ದರು, ಕಂಬಳಿಗೆ. ಅಧಿಕಾರಿ ಉದ್ದಕ್ಕೂ ನಡೆದು ನೋಡಿದರು. ಮೇಷ್ಟ್ರುಗಳು ಮೇಷ್ಟ್ರುಗಳಿಗೆ ಜೋಡಿಸಿದ ಕ್ರಮ ಇದು, ಓದಲು ಬಾರದವರಿಗೆ ಇದರಿಂದ ಏನು ಬಂತು ಎಂದು ಕೇಳಿದರು. ಕೇಳಿದ್ದು ನ್ಯಾಯವೇ ಆಗಿತ್ತು. ಹೊರಗೆ ಬಿಸಿಲು ಕಂದುತ್ತಿತ್ತು.

ಮೇಡಂ ಸುತ್ತ ನೋಡಿ, ಪೊರಕೆ ಹಿಡಿದು ನಿಂತಿದ್ದ ವಾಚ್‌ಮನ್ನಿನ ಹೆಂಡತಿಯನ್ನು ಕರೆದರು. ಆಕೆ ಬರಲೊಲ್ಲಳು. ನನ್ಗ ಒಂದು ಅಕ್ಷರಾನೂ ಬರಲ್ರಿ ಎಂದಳು. ಅದಕ್ಕೇ ಬಾ ಎಂದರು ಮೇಡಂ. ಮೊದಲ ಪಾಠದ ಮೂರು ಅಕ್ಷರ, ರ, ಗ, ಸ. ಮೂರು ದೊಡ್ಡ ಕಾರ್ಡು. ಒಂದೊಂದನ್ನೂ ಕೈಗೆ ಕೊಟ್ಟು, ಹೇಳಿಸಿ, ಬೆರಳಿಂದ ತೀಡಿಸಿ, ಕಂಬಳಿಗೆ ಹಚ್ಚಿಸಿದರು. ಸುಣ್ಣಕ್ಕೆ ಸೀಳಿದ ಬೆರಳು. ಅಧಿಕಾರಿ ಗಡಿಯಾರ ನೋಡಿಕೊಂಡರು. ಕಾಲು ಗಂಟೆ ಆಗಿರಬೇಕು. ಮೇಡಂ ಸ, ರ ಪಕ್ಕ ಪಕ್ಕ ಇಟ್ಟು ಏನೆಂದು ಕೇಳಿದರು.

ಆಕೆ ತುಟಿಯಲ್ಲೇ ಎರಡು ಸಲ ಅಂದುಕೊಂಡಳು. “ಸ… ರ. ಸರ. ಕೊಳ್ಳಾಗಿನ ಸರ.”

ಮೇಡಂ ಮುಂದಿನ ಕಾರ್ಡಿಗೆ ಕೈ ಹಾಕಿದರು. ಅಷ್ಟರಲ್ಲಿ ಆಕೆ, ಯಾರೂ ಹೇಳದೆ, ‘ಸ’ವನ್ನು ಎತ್ತಿ ‘ರ’ದ ಆಚೆ ಬದಿಗೆ ಇಟ್ಟಳು. ನೋಡಿದಳು. ಬಾಯಿ ಮೇಲೆ ಕೈ ಇಟ್ಟುಕೊಂಡಳು.

“ಇದನ್ನ ಜರಗಿಸಿದ್ರ ರಸ ಆಗತೈತಿ!”

ಅಧಿಕಾರಿ ಹತ್ತಿರ ಬಂದು ಆ ಎರಡು ಕಾರ್ಡುಗಳನ್ನು ತಾವೇ ಮತ್ತೆ ಅದಲು ಬದಲು ಮಾಡಿ ನೋಡಿದರು. ಆಕೆ ಮತ್ತೆ ಸರ ಎಂದಳು. ಅವರು ಕೈ ಕಟ್ಟಿಕೊಂಡು ನಿಂತು, ಕನ್ನಡದ್ದು ಬೇರೆ ಪುಸ್ತಕವೇ ಆಗಲಿ, ಬರೆದು ಕಳಿಸಿ ಎಂದು ತೆಲುಗಿನಲ್ಲಿ ಹೇಳಿ ಹೊರಟರು.

ಕುರುಬರು ಒಳಗೆ ಬಂದು ಕಂಬಳಿ ಬಿಚ್ಚತೊಡಗಿದಾಗ ಆಕೆ ನನ್ನ ಸೆರಗು ಎಳೆದಳು. ನಿನ್ನ ಚೀಟಿಯಲ್ಲಿ ನನ್ನ ಗಂಡ ಓದಿದ್ದು ಇದನ್ನೇ ಏನು ಎಂದು ‘ಸ’ ತೋರಿಸಿದಳು. ಹೌದು ಎಂದೆ. ನೀನು ಬರೆದದ್ದು ಯಾವುದು ಎಂದಳು. ಎರಡನೆಯ ಪಾಠದ ಸಾಲಿನಿಂದ ‘ನ’ ತೆಗೆದು ‘ಸ’ದ ಪಕ್ಕ ಹಚ್ಚಿದೆ. ಎರಡನ್ನೂ ಬಹಳ ಹೊತ್ತು ನೋಡಿದಳು. ಆಮೇಲೆ ‘ನ’ವನ್ನು ಎತ್ತಿಕೊಂಡು ಒಂದು ಕಂಬಳಿ ದಾಟಿ, ಎರಡನೆಯದನ್ನು ದಾಟಿ, ಇನ್ನೂ ಬಿಚ್ಚದೆ ಉಳಿದಿದ್ದ ಕೊನೆಯ ಕಂಬಳಿಯ ತುದಿಗೆ ಹೋಗಿ ಅಲ್ಲಿ ಒತ್ತಿದಳು.

“ಇದು ಇಲ್ಲೇ ಇರಲಿ ತಂಗಿ. ಎರಡೂ ಒಂದಕಡಿ ಇದ್ರ ಮತ್ತ ನನ್ನ ಕೈಲೇ ಸುಣ್ಣ ಹೊಡಸ್ತೀರಿ.”

ಮೇಡಂ ಮುಚ್ಚಿದ್ದ ನೋಟ್‌ಪುಸ್ತಕವನ್ನು ಮತ್ತೆ ತೆರೆದು, ಎರಡನೆಯ ಪಾಠದಲ್ಲಿದ್ದ ‘ನ’ವನ್ನು ಹೊಡೆದುಹಾಕಿ ಬಹಳ ಮುಂದಿನ ಪಾಠಕ್ಕೆ ಜರುಗಿಸಿದರು.